ಚಿನ್ನದ ನೆಲದ ಒಲೆ: ಹಟ್ಟಿ ಪರಿಸರದ ಅಡುಗೆಮನೆಯ ಚರಿತ್ರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಪ್ರದೇಶವು ಕರ್ನಾಟಕದ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ಶಾಸನಗಳು ಎಡೆದೊರೆ ನಾಡು ಎಂದು ಕರೆಯುವ ಈ ಭೂಭಾಗಕ್ಕಾಗಿ ವಿಜಯನಗರದ ಅರಸರೂ ಬಹಮನಿ ಹಾಗೂ ಬಿಜಾಪುರದ ಸುಲ್ತಾನರೂ ಮೇಲಿಂದ ಮೇಲೆ ಯುದ್ಧ ಮಾಡಿದರು. ಮುದಗಲ್ಲಿನ ಕೋಟೆ, ಮಸ್ಕಿಯ ಅಶೋಕ ಶಾಸನ, ಹಟ್ಟಿಯ ಚಿನ್ನದ ಗಣಿ ಇವು ಮೂರೂ ಒಂದೇ ಪರಿಸರದಲ್ಲಿವೆ. ಇವುಗಳ ಬಗೆಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಕೋಟೆಯನ್ನು ಕಟ್ಟಿದವರು, ಗಣಿಗೆ ಇಳಿದವರು, ಹೊಲ ಉತ್ತವರು ದಿನವೂ ಉಂಡ ಅನ್ನ ಯಾವ ಒಲೆಯ ಮೇಲೆ ಬೆಂದಿತು, ಆ ಒಲೆ ಯಾವ ಕೋಣೆಯಲ್ಲಿತ್ತು, ಆ ಕೋಣೆಯನ್ನು ಯಾರು, ಎಷ್ಟು ಖರ್ಚಿನಲ್ಲಿ, ಹೇಗೆ ದುರಸ್ತಿ ಮಾಡುತ್ತ ಬಂದರು ಎಂಬ ಪ್ರಶ್ನೆಗಳು ಚರಿತ್ರೆಯ ಚರ್ಚೆಯಿಂದ ಬಹುಮಟ್ಟಿಗೆ ಹೊರಗೇ ಉಳಿದಿವೆ.

ಇದಕ್ಕೆ ಕಾರಣ ಆಕರಗಳ ಸ್ವರೂಪದಲ್ಲಿಯೇ ಇದೆ. ಚಿನ್ನವು ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ, ಬೂದಿಯು ತಿಪ್ಪೆಗೆ ಸೇರುತ್ತದೆ. ಅರಮನೆಯ ಪಾಕಶಾಲೆಯ ವಿವರಗಳನ್ನು ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ಕೆಳದಿಯ ಬಸಪ್ಪ ನಾಯಕನ ಶಿವತತ್ತ್ವರತ್ನಾಕರವೂ ಕೊಡುತ್ತವೆ. ಭಕ್ಷ್ಯಗಳ ವಿಧಾನವನ್ನು ಮೂರನೆಯ ಮಂಗರಸನ ಸೂಪಶಾಸ್ತ್ರವು ಹೇಳುತ್ತದೆ. ಸಾಮಾನ್ಯರ ಅಡುಗೆಮನೆಗೆ ಅಂತಹ ಗ್ರಂಥವಿಲ್ಲ. ಅದರ ಚರಿತ್ರೆಯನ್ನು ನೆಲದ ಪದರಗಳಿಂದ, ಬಳಸಿ ಸವೆದ ಕಲ್ಲುಗಳಿಂದ, ಮಾತಿನಲ್ಲಿ ಉಳಿದಿರುವ ಪದಗಳಿಂದ ಮತ್ತು ಇತ್ತೀಚಿನ ಶತಮಾನದ ಸರ್ಕಾರಿ ಯೋಜನೆಗಳಿಂದ ಕಟ್ಟಿಕೊಳ್ಳಬೇಕಾಗುತ್ತದೆ. ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸುತ್ತಿನ ಪ್ರದೇಶವನ್ನು ಕೇಂದ್ರವಾಗಿಟ್ಟುಕೊಂಡು ಅಂತಹ ಒಂದು ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ. ಈ ಭಾಗದ ಅಡುಗೆಮನೆ ಎಂದೂ ಒಮ್ಮೆಗೇ ಬದಲಾಗಿಲ್ಲ. ಹೊಸದು ಬಂದಾಗ ಹಳೆಯದನ್ನು ಎಸೆಯದೆ ಪಕ್ಕಕ್ಕೆ ಸರಿಸಿ ಎರಡನ್ನೂ ಬಳಸುವುದು ಅದರ ಕ್ರಮ. ಹೊರಗಿನವರಿಗೆ ಅಸ್ತವ್ಯಸ್ತವಾಗಿ ಕಾಣುವ ಕೋಣೆಯು ಈ ಕ್ರಮದ ಫಲವಾಗಿದೆ.

ಹಟ್ಟಿಯ ಹೆಸರು ಮತ್ತು ಬೂದಿ

ಹಟ್ಟಿ ಎಂಬ ಪದಕ್ಕೆ ಕನ್ನಡದಲ್ಲಿ ದನ ಕುರಿಗಳನ್ನು ಕೂಡುವ ದೊಡ್ಡಿ, ಅಂಗಳ, ಸಣ್ಣ ವಸತಿ ಎಂಬ ಅರ್ಥಗಳಿವೆ. ಪಟ್ಟಿ ಎಂಬ ಹಳೆಯ ರೂಪದ ಪಕಾರವು ಹಕಾರವಾಗಿ ಈ ಪದ ಬಂದಿದೆ. ಇಂದು ಚಿನ್ನದಿಂದ ಪ್ರಸಿದ್ಧವಾಗಿರುವ ಊರಿನ ಹೆಸರಿನಲ್ಲಿ ದನದ ದೊಡ್ಡಿಯ ನೆನಪು ಉಳಿದಿರುವುದು ಗಮನಾರ್ಹ. ಏಕೆಂದರೆ ಈ ಪ್ರದೇಶದ ಅತ್ಯಂತ ಪ್ರಾಚೀನ ವಸತಿಗಳ ಕುರುಹುಗಳು ದನದ ದೊಡ್ಡಿ ಮತ್ತು ಸಗಣಿಯ ಬೂದಿಯೊಡನೆಯೇ ಬೆಸೆದುಕೊಂಡಿವೆ.

ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಕಾಣುವ ಬೂದಿದಿಬ್ಬಗಳು ನವಶಿಲಾಯುಗದ ಪಶುಪಾಲಕರು ದೊಡ್ಡಿಯ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದವು. ಎಫ್.ಆರ್. ಆಲ್ಚಿನ್ ಅವರು ಉಟ್ನೂರಿನಲ್ಲಿ ಇದನ್ನು ತೋರಿಸಿದರು. ಕೃಷ್ಣೆಯ ಆಚೆಗಿರುವ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು 1989ರಿಂದ ಸುಮಾರು ಒಂದು ದಶಕದ ಅವಧಿಯಲ್ಲಿ ನಡೆಸಿದ ಉತ್ಖನನದಲ್ಲಿ ಬೂದಿದಿಬ್ಬದ ಪಕ್ಕದಲ್ಲಿಯೇ ಜನವಸತಿಯೂ ಪ್ರಾಣಿಗಳನ್ನು ಕಡಿದು ಮಾಂಸ ಸಿದ್ಧಪಡಿಸುತ್ತಿದ್ದ ನೆಲವೂ ಬೆಳಕಿಗೆ ಬಂದವು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು ನಡೆಸಿದ ಉತ್ಖನನದ ವರದಿ 1960ರಲ್ಲಿಯೂ, ಮಸ್ಕಿಯಲ್ಲಿ ಬಿ.ಕೆ. ಥಾಪರ್ ಅವರು 1954ರಲ್ಲಿ ನಡೆಸಿದ ಉತ್ಖನನದ ವರದಿ 1957ರಲ್ಲಿಯೂ ಪ್ರಕಟವಾದವು. ತುಂಗಭದ್ರೆಯ ಆಚೆಯ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅವರ ಉತ್ಖನನವು ಮಡಕೆಗಳು, ಅರೆಯುವ ಕಲ್ಲುಗಳು ಮತ್ತು ವಸತಿಯ ನೆಲೆಗಳ ಜೊತೆಗೆ ಚಿನ್ನದ ಸಣ್ಣ ಆಭರಣವನ್ನೂ ಹೊರತೆಗೆಯಿತು. ಅಂದರೆ ಈ ಸೀಮೆಯಲ್ಲಿ ಒಲೆಯೂ ಚಿನ್ನವೂ ಒಂದೇ ಮನೆಯೊಳಗೆ ಕಾಣಿಸಿಕೊಳ್ಳುವುದು ನವಶಿಲಾಯುಗದಿಂದಲೇ.

ಆ ಕಾಲದ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬುದಕ್ಕೆ ಕಳೆದ ಕೆಲವು ದಶಕಗಳಲ್ಲಿ ಉತ್ತರ ದೊರೆತಿದೆ. ಬಳ್ಳಾರಿ ಸುತ್ತಲಿನ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ ತೇಲಿದ ಕರಿಕಾಳುಗಳನ್ನು ಪರೀಕ್ಷಿಸಿದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಹುರುಳಿ, ಹೆಸರು ಮತ್ತು ಕೊರಲೆಯಂತಹ ಕಿರುಧಾನ್ಯಗಳು ಇಲ್ಲಿನ ಮೂಲ ಆಹಾರವಾಗಿದ್ದವು ಎಂದು ತೋರಿಸಿದರು. ಇಂದು ಈ ಸೀಮೆಯ ಗುರುತೇ ಆಗಿರುವ ಜೋಳ ಆಫ್ರಿಕಾ ಮೂಲದ ಬೆಳೆ. ಅದು ಈ ನೆಲಕ್ಕೆ ನಂತರ ಬಂದಿತು. ಮೆಣಸಿನಕಾಯಿ ಬಂದದ್ದು ಇನ್ನೂ ಎಷ್ಟೋ ಶತಮಾನಗಳ ಮೇಲೆ, ಪೋರ್ಚುಗೀಸರ ಮೂಲಕ. ಅನಾದಿ ಕಾಲದ್ದೆಂದು ಭಾವಿಸಲಾಗುವ ಜೋಳದ ರೊಟ್ಟಿ ಮತ್ತು ಕೆಂಪು ಖಾರದ ಊಟವೂ ಹೀಗೆ ಒಂದರ ಮೇಲೊಂದು ಸೇರಿದ ಬದಲಾವಣೆಗಳಿಂದ ರೂಪುಗೊಂಡದ್ದು. ಬದಲಾಗದೆ ಉಳಿದದ್ದು ಇಂಧನ. ಬೂದಿದಿಬ್ಬದ ಜನರು ಸುಟ್ಟ ಸಗಣಿಯು ಕುಳ್ಳಿನ ರೂಪದಲ್ಲಿ ಈ ಸೀಮೆಯ ಒಲೆಗಳಲ್ಲಿ ಇಂದಿಗೂ ಉರಿಯುತ್ತಿದೆ.

ಗಣಿ ಮತ್ತು ಅಡುಗೆಮನೆಯ ಸಮಾನ ಸಾಧನಗಳು

ಹಟ್ಟಿಯ ಪ್ರಾಚೀನ ಗಣಿಗಾರರು ಆರುನೂರು ಅಡಿಗೂ ಹೆಚ್ಚು ಆಳದವರೆಗೆ ಇಳಿದಿದ್ದರು. ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡುಗಳ ಇಂಗಾಲ ಪರೀಕ್ಷೆಯಿಂದ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವು ಎಂದು ತಿಳಿದುಬಂದಿದೆ. ಅವರ ತಂತ್ರವನ್ನು ಗಮನಿಸಿದರೆ ಅಡುಗೆಮನೆಯೊಡನೆ ಅದಕ್ಕಿರುವ ಹೋಲಿಕೆ ಎದ್ದು ಕಾಣುತ್ತದೆ. ಬಂಡೆಗೆ ಒತ್ತಿ ಕಟ್ಟಿಗೆಯನ್ನು ಪೇರಿಸಿ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ನೀರು ಸುರಿದು ಬಿರಿಯುವಂತೆ ಮಾಡಲಾಗುತ್ತಿತ್ತು. ಮೇಲೆ ತಂದ ಅದಿರನ್ನು ಗುಳಿ ಬಿದ್ದ ಕಲ್ಲುಗಳಲ್ಲಿ ಕುಟ್ಟಿ, ಅರೆದು ನುಣ್ಣಗೆ ಮಾಡಿ ನೀರಿನಲ್ಲಿ ಗಾಳಿಸಲಾಗುತ್ತಿತ್ತು. ಬೆಂಕಿಯನ್ನು ಹದದಲ್ಲಿಡುವುದು, ಕುಟ್ಟುವುದು, ಅರೆಯುವುದು, ನೀರಿನಲ್ಲಿ ತೊಳೆದು ಭಾರವಾದುದನ್ನು ಉಳಿಸಿಕೊಳ್ಳುವುದು ಇವೆಲ್ಲವೂ ಧಾನ್ಯವನ್ನು ಹಸನುಗೊಳಿಸುವ ಮನೆಗೆಲಸದ ಕ್ರಿಯೆಗಳೇ. ಹಿಟ್ಟಿಗೂ ಅದಿರಿಗೂ ಒಂದೇ ಬಗೆಯ ಕಲ್ಲು ನೆರವಾಯಿತು. ಗಣಿಗಾರಿಕೆಯ ಚರಿತ್ರೆಯಲ್ಲಿ ಈ ಕಲ್ಲುಗಳಿಗೆ ಸಿಕ್ಕ ಗಮನ ಅಡುಗೆಮನೆಯ ಕಲ್ಲುಗಳಿಗೆ ಸಿಕ್ಕಿಲ್ಲ.

ಆಧುನಿಕ ಕಾಲದಲ್ಲಿಯೂ ಇದೇ ಅಸಮತೋಲನ ಮುಂದುವರಿಯಿತು. 1886ರಲ್ಲಿ ನಿಜಾಮ ಸರ್ಕಾರದಿಂದ ಗಣಿ ಹಕ್ಕು ಪಡೆದ ಹೈದರಾಬಾದ್ ಡೆಕ್ಕನ್ ಕಂಪನಿಯ ಷೇರು ವ್ಯವಹಾರವನ್ನು 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಆಯ್ಕೆ ಸಮಿತಿಯೇ ವಿಚಾರಿಸಿತು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಹಟ್ಟಿಯಿಂದ ಎಷ್ಟು ಚಿನ್ನ ಹೊರಬಂದಿತು ಎಂಬ ಲೆಕ್ಕವಿದೆ. 1915ರಲ್ಲಿ ನಿಜಾಮ ಸರ್ಕಾರದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡುಹಿಡಿದುದನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಆ ಗಣಿಯಲ್ಲಿ ದುಡಿದವರು ಬುತ್ತಿಗೆ ಏನನ್ನು ಕಟ್ಟಿಕೊಂಡು ಬರುತ್ತಿದ್ದರು, ಆ ಬುತ್ತಿಯನ್ನು ಕಟ್ಟಲು ಮನೆಯ ಹೆಂಗಸು ಎಷ್ಟು ಹೊತ್ತಿಗೆ ಎದ್ದು ಬೀಸುತ್ತಿದ್ದಳು ಎಂಬುದು ಈ ಯಾವ ಕಡತದ ವಿಷಯವೂ ಆಗಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಅಳತೆ

ಲಿಖಿತ ಪರಂಪರೆಯಲ್ಲಿ ಈ ಸೀಮೆಯ ಮನೆವಾರ್ತೆಯ ಬಗೆಗೆ ಸಿಗುವ ಬೆಲೆಯುಳ್ಳ ಸಾಕ್ಷ್ಯವೆಂದರೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ. ಇವರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಗುರುಗುಂಟಾ ಬಳಿಯ ಈ ಕ್ಷೇತ್ರವು ಹಟ್ಟಿಯ ನೆರೆಯಲ್ಲಿದೆ. ಕಲ್ಯಾಣಕ್ಕೆ ಹೋಗಿ ನೆಲೆಸಿದ ಇವರ ಕಾಯಕ ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅಡುಗೆ ಮಾಡಿ ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧವಾಗಿದೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಕಾಯಕತತ್ತ್ವದ ನಿದರ್ಶನವಾಗಿ ನೋಡಲಾಗುತ್ತದೆ. ಅದು ಸರಿಯೇ. ಆದರೆ ಅಡುಗೆಮನೆಯ ಚರಿತ್ರೆಯ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಮಹತ್ವವಿದೆ. ಮನೆಗೆ ಎಷ್ಟು ಬೇಕು ಎಂಬ ಅಳತೆಯನ್ನು ನಿರ್ಧರಿಸುವ ಅಧಿಕಾರ ಇಲ್ಲಿ ಒಲೆಯ ಮುಂದಿರುವ ಹೆಂಗಸಿನದು. ತರುವವನು ಗಂಡ, ಸಾಕೆಂದು ಹೇಳುವವಳು ಹೆಂಡತಿ. ಬಡತನದ ಮನೆಯಲ್ಲಿ ಮಿತವ್ಯಯವೆಂಬುದು ಕೇವಲ ಕೊರತೆಯ ಫಲವಾಗಿರದೆ ಒಂದು ವಿವೇಚನೆಯೂ ಆಗಿರಬಲ್ಲದು ಎಂಬುದನ್ನು ಈ ಕಥೆ ದಾಖಲಿಸುತ್ತದೆ. ಎಂಟು ಶತಮಾನಗಳ ನಂತರ ಇದೇ ಸೀಮೆಯ ಅಡುಗೆಮನೆಗಳನ್ನು ಸುಧಾರಿಸಲು ಬಂದ ಯೋಜನೆಗಳು ಆ ವಿವೇಚನೆಯನ್ನು ಕೇಳಿದವೇ ಎಂಬ ಪ್ರಶ್ನೆ ಮುಂದಿನ ಭಾಗಗಳಲ್ಲಿ ಎದುರಾಗುತ್ತದೆ.

ಮಾಳಿಗೆ ಮನೆಯ ಅಡುಗೆಕೋಣೆ

ಮಳೆ ಕಡಿಮೆ, ಬಿಸಿಲು ಪ್ರಖರವಾಗಿರುವ ಈ ಎರೆನೆಲದ ಸೀಮೆಯಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆಯ ಮನೆಯೇ ರೂಢಿಯದು. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ ಮತ್ತು ಜಂತಿ, ಜಂತಿಗಳ ಮೇಲೆ ಕಡ್ಡಿ ಸೊಪ್ಪಿನ ಹಾಸು, ಅದರ ಮೇಲೆ ನೀರಿಳಿಯದ ಮಣ್ಣು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಅಡುಗೆಮನೆ ಎಂಬುದು ಸಾಮಾನ್ಯ ವಿನ್ಯಾಸ. ಅಡುಗೆಮನೆಯ ಬೆಳಕಿಗೆ ಮಾಳಿಗೆಯಲ್ಲಿ ತೆರೆದ ಒಂದು ಬೆಳಕಿಂಡಿ. ಮಳೆ ಬಂದಾಗ ಅದರ ಮೇಲೆ ಒಂದು ಪರಸಿಕಲ್ಲು. ಹೊಗೆಯೂ ಅದರಲ್ಲಿಯೇ ಹೊರಹೋಗಬೇಕು.

ಈ ಕೋಣೆಯಲ್ಲಿ ವಸ್ತುಗಳ ಸ್ಥಾನ ನಿಶ್ಚಿತವಾಗಿತ್ತು. ಗೋಡೆಗೆ ಒತ್ತಿ ಮಣ್ಣಿನ ಒಲೆ ಮತ್ತು ಅದರ ಉಳಿದ ಕಾವಿನಲ್ಲಿ ಸಾರು, ಹಾಲು ಕಾಯುವ ಕೋಡೊಲೆ; ಗೋಡೆಯಲ್ಲಿ ಉಪ್ಪು, ದೀಪಗಳಿಗೆ ಗೂಡು; ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಕ್ಕಿಗೆ ಎಟುಕದಂತೆ ಹಾಲು ಮೊಸರು; ಮೂಲೆಯಲ್ಲಿ ನೀರಿನ ಕೊಡಗಳು; ಬೀಸುವ ಕಲ್ಲು, ಒರಳು, ಒನಕೆ. ವರ್ಷದ ಜೋಳ ನೆಲದೊಳಗಿನ ಹಗೇವಿನಲ್ಲಿ, ತಿಂಗಳ ಜೋಳ ಕಣಜದಲ್ಲಿ. ಜೋಳದ ಖಡಕ್ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳು ಹಲವು ದಿನ ಕೆಡದೆ ಇರುವುದರಿಂದ ದಿನವೂ ಹೊತ್ತು ಹೊತ್ತಿಗೆ ಒಲೆ ಹೊತ್ತಿಸುವ ಅಗತ್ಯ ಕಡಿಮೆಯಾಗುತ್ತಿತ್ತು. ಕಾಡಿಲ್ಲದ ಬಯಲು ಸೀಮೆಯಲ್ಲಿ ಕಟ್ಟಿಗೆಯ ಕೊರತೆಗೆ ಅಡುಗೆಯ ಕ್ರಮವೇ ಕೊಟ್ಟ ಉತ್ತರ ಇದು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಮತ್ತು ಇಪ್ಪತ್ತನೆಯ ಶತಮಾನದಲ್ಲಿ ಎಲ್ಲೆಡೆ ಹಬ್ಬಿದ ಬಳ್ಳಾರಿ ಜಾಲಿ ಇವು ಇಲ್ಲಿನ ಮುಖ್ಯ ಇಂಧನಗಳು. ಇವುಗಳಲ್ಲಿ ಹೆಚ್ಚಿನವು ಹಣ ಕೊಟ್ಟು ತರುವಂತಹವಲ್ಲ. ಹೊಲದ ಕೆಲಸದ ಜೊತೆಯಲ್ಲಿಯೇ ಹೆಂಗಸರು ತಲೆಹೊರೆಯಾಗಿ ತರುವಂತಹವು. ಹೀಗಾಗಿ ಅವುಗಳ ಬೆಲೆ ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ.

ಅಡುಗೆಮನೆಯ ನವೀಕರಣವು ಆ ಕಾಲದಲ್ಲಿ ಒಂದು ವಿಶೇಷ ಸಂದರ್ಭವಾಗಿರದೆ ನಿತ್ಯದ ಕೆಲಸವಾಗಿತ್ತು. ಬೆಳಿಗ್ಗೆ ಒಲೆಯ ಬೂದಿ ತೆಗೆದು ಸಾರಿಸುವುದು, ವಾರಕ್ಕೊಮ್ಮೆ ನೆಲಕ್ಕೆ ಸಗಣಿಯ ಸಾರಣೆ, ಹಬ್ಬದ ಮುನ್ನ ಗೋಡೆಗೆ ಸುಣ್ಣ ಮತ್ತು ಅಂಚಿಗೆ ಹುರಮಂಜು, ಮಳೆಗಾಲದ ಮುನ್ನ ಮಾಳಿಗೆಗೆ ಹೊಸ ಮಣ್ಣು. ಒಲೆ ಬಿರುಕು ಬಿಟ್ಟರೆ ಮಣ್ಣು, ಹೊಟ್ಟು, ಸಗಣಿ ಕಲಸಿ ಮನೆಯಾಕೆಯೇ ಹೊಸದನ್ನು ಕಟ್ಟುತ್ತಿದ್ದಳು. ಸವೆದ ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಹಾಕುವವರು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಊರೂರು ತಿರುಗುತ್ತಿದ್ದರು. ಕೂಲಿಯನ್ನು ಹಲವು ವೇಳೆ ಕಾಳಿನ ರೂಪದಲ್ಲಿ ಕೊಡಲಾಗುತ್ತಿತ್ತು. ನಾಗರ ಪಂಚಮಿಯ ಸಮಯದಲ್ಲಿ ರೊಟ್ಟಿಗಳನ್ನು ಮೊದಲೇ ತಟ್ಟಿಟ್ಟು ನೆರೆಹೊರೆಗೆ ಹಂಚಿ, ಹಬ್ಬದ ದಿನ ಒಲೆಯ ಮೇಲೆ ಹಂಚು ಇಡದಿರುವ ಆಚರಣೆಯು ಒಲೆಗೂ ಅದರ ಮುಂದೆ ಕೂರುವವಳಿಗೂ ವರ್ಷದಲ್ಲಿ ಸಿಗುವ ವಿಶ್ರಾಂತಿಯಾಗಿತ್ತು.

ಇದನ್ನು ಆದರ್ಶವೆಂದು ಬಣ್ಣಿಸುವುದು ಸರಿಯಾಗಲಾರದು. ಈ ಎಲ್ಲ ಕೆಲಸಗಳಿಗೆ ಹಣದ ಖರ್ಚು ಕಡಿಮೆ ಇದ್ದುದಕ್ಕೆ ಕಾರಣ ಹೆಂಗಸರ ದುಡಿಮೆಗೆ ಬೆಲೆ ಕಟ್ಟದೆ ಇದ್ದುದು. ಕೋಳಿ ಕೂಗುವ ಮುನ್ನ ಎದ್ದು ಬೀಸುವುದು, ದೂರದ ಬಾವಿ ಹಳ್ಳಗಳಿಂದ ನೀರು ತರುವುದು, ಹೊಗೆಯಲ್ಲಿ ಕುಳಿತು ರೊಟ್ಟಿ ತಟ್ಟುವುದು ಅವರ ಪಾಲಿಗೆ ಬಂದಿತ್ತು. ಜಾತಿಯ ಕಟ್ಟಳೆಯೂ ಅಡುಗೆಮನೆಯ ಹೊಸ್ತಿಲಲ್ಲಿಯೇ ಅತ್ಯಂತ ಬಿಗಿಯಾಗಿತ್ತು. ಬಾವಿಯ ನೀರಿಗೂ ಒಳಮನೆಯ ಪ್ರವೇಶಕ್ಕೂ ಇದ್ದ ನಿರ್ಬಂಧಗಳು ಅಸ್ಪೃಶ್ಯತೆಗೆ ಗುರಿಯಾದ ಕುಟುಂಬಗಳ ಅಡುಗೆಯನ್ನು ಇನ್ನಷ್ಟು ದುಬಾರಿಯನ್ನಾಗಿಸಿದ್ದವು.

ಹೊಗೆಯ ಪ್ರಶ್ನೆ ಮತ್ತು ಸುಧಾರಕರು

ಅಡುಗೆಮನೆಯನ್ನು ಸಾರ್ವಜನಿಕ ಸಮಸ್ಯೆಯನ್ನಾಗಿ ನೋಡುವ ಕ್ರಮ ಬಂದದ್ದು ಹೊಗೆಯ ಮೂಲಕ. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹೊಗೆರಹಿತ ಒಲೆಯ ಆರಂಭದ ಪ್ರಯೋಗಗಳಲ್ಲಿ ಒಂದು ಅದೇ ರಾಜ್ಯದ ರಾಜಧಾನಿಯಲ್ಲಿ ನಡೆದುದು ಇಲ್ಲಿ ಪ್ರಸ್ತುತ. ಹೈದರಾಬಾದ್ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದ ಎಸ್.ಪಿ. ರಾಜು ಅವರು ಹಲವು ಪಾತ್ರೆಗಳನ್ನು ಸಾಲಾಗಿ ಇಡಬಹುದಾದ, ಕೊಳವೆಯ ಮೂಲಕ ಹೊಗೆಯನ್ನು ಹೊರಗೊಯ್ಯುವ ಮಣ್ಣಿನ ಒಲೆಯನ್ನು ರೂಪಿಸಿದರು. ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡುಗೆಮನೆ ಎಂಬ ಆಶಯದ ಅವರ ಇಂಗ್ಲಿಷ್ ಪುಸ್ತಿಕೆ 1953ರಲ್ಲಿ ಮದ್ರಾಸಿನಿಂದ ಪ್ರಕಟವಾಯಿತು. ವಾರ್ಧಾದ ಮಗನವಾಡಿಯಲ್ಲಿ ರೂಪುಗೊಂಡ ಮಗನ್ ಚೂಲಾ ಕೂಡ ಇದೇ ಕಾಲಘಟ್ಟದ್ದು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ರೂಪಿಸಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಈ ಕೇಂದ್ರದ ವಿಸ್ತರಣಾ ಕಾರ್ಯ ನಡೆಯಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 1983ರಿಂದ 2002ರವರೆಗೆ ನಡೆದು ದೇಶದಾದ್ಯಂತ ಇಂತಹ ಒಲೆಗಳನ್ನು ಹಂಚಿತು.

ತಾಂತ್ರಿಕವಾಗಿ ಈ ಒಲೆಗಳು ಉತ್ತಮವಾಗಿದ್ದವು. ಅವು ಕಟ್ಟಿಗೆಯನ್ನು ಗಣನೀಯವಾಗಿ ಉಳಿಸುತ್ತಿದ್ದವು, ಹೊಗೆಯನ್ನು ಹೊರಹಾಕುತ್ತಿದ್ದವು. ಆದರೂ ಹಂಚಿದ ಒಲೆಗಳಲ್ಲಿ ಬಹಳಷ್ಟು ಕೆಲವು ವರ್ಷಗಳಲ್ಲಿ ಬಳಕೆ ತಪ್ಪಿದವೆಂಬುದು ದೇಶದ ಎಲ್ಲೆಡೆಯ ಅನುಭವ. ಮಸಿ ಕಟ್ಟಿದ ಕೊಳವೆಯನ್ನು ಶುಚಿಗೊಳಿಸುವ ವ್ಯವಸ್ಥೆ ಇರಲಿಲ್ಲ. ಒಲೆಯ ಬಾಯಿಗೆ ಹೊಂದುವಂತೆ ಕಟ್ಟಿಗೆಯನ್ನು ಸಣ್ಣಗೆ ಸೀಳಬೇಕಾಗಿತ್ತು. ಪಾತ್ರೆಯ ಕುಳಿಗಳು ಮನೆಯಲ್ಲಿರುವ ಪಾತ್ರೆಗಳ ಅಳತೆಗೆ ಹೊಂದುತ್ತಿರಲಿಲ್ಲ.

ಜೋಳದ ಸೀಮೆಗೆ ಇನ್ನೂ ಒಂದು ತೊಡಕಿತ್ತು. ಮುದ್ದೆಗೂ ಅನ್ನಕ್ಕೂ ಮುಚ್ಚಿದ ಬೆಂಕಿಯ ಮೇಲೆ ಕುಳಿತ ಪಾತ್ರೆ ಸಾಕು. ರೊಟ್ಟಿಗೆ ಹಾಗಲ್ಲ. ಅದಕ್ಕೆ ಅಗಲವಾದ ಹಂಚೂ ಅದರಡಿ ಹರಡಿದ ಉರಿಯೂ ಬೇಕು, ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಒಡ್ಡಿ ಉಬ್ಬಿಸಲು ತೆರೆದ ಜಾಗವೂ ಬೇಕು. ಬಾಯಿ ಕಿರಿದು ಮಾಡಿ ಬೆಂಕಿಯನ್ನು ಒಳಗೆ ಮುಚ್ಚಿದ ಒಲೆ ಎಷ್ಟು ದಕ್ಷವಾಗಿದ್ದರೂ ರೊಟ್ಟಿಯ ಕೆಲಸಕ್ಕೆ ಅರ್ಧ ಮಾತ್ರ ಒದಗುತ್ತದೆ. ಹೊಗೆಗೆ ಇನ್ನೊಂದು ಮುಖವೂ ಇತ್ತು. ಜಂತಿಗಳಿಗೆ ಹುಳು ಗೆದ್ದಲು ಹತ್ತದಂತೆ, ತೂಗುಹಾಕಿದ ಬೀಜದ ತೆನೆಗಳು ಕೆಡದಂತೆ ಹೊಗೆ ಕಾಯುತ್ತದೆ ಎಂಬುದು ಜನರ ಅನುಭವದ ತಿಳಿವಳಿಕೆ. ಕಣ್ಣು ಮತ್ತು ಶ್ವಾಸಕೋಶಗಳಿಗೆ ಹೊಗೆ ಮಾಡುವ ಹಾನಿ ದೊಡ್ಡದು. ಅದನ್ನು ವೈದ್ಯಕೀಯ ಸಂಶೋಧನೆಗಳು ನಿಸ್ಸಂದೇಹವಾಗಿ ಸ್ಥಾಪಿಸಿವೆ. ಆದರೆ ಒಂದೇ ಕೋಣೆಯಲ್ಲಿ ಅಡುಗೆ, ದಾಸ್ತಾನು, ಬೀಜ ಸಂರಕ್ಷಣೆ ಎಲ್ಲವ‌ೂ ನಡೆಯುತ್ತಿರುವಾಗ ಒಲೆಯೊಂದನ್ನೇ ಬಿಡಿಸಿ ಬದಲಿಸಲು ಹೊರಟದ್ದು ಸುಧಾರಕರ ದೃಷ್ಟಿಯ ಮಿತಿಯಾಗಿತ್ತು.

ನೀರು, ಸಂಬಳ, ಅನುದಾನ

ಯೋಜನೆಗಳಿಗಿಂತ ಹೆಚ್ಚಾಗಿ ಈ ಸೀಮೆಯ ಅಡುಗೆಮನೆಯನ್ನು ಬದಲಿಸಿದ ಮೂರು ಶಕ್ತಿಗಳನ್ನು ಗುರುತಿಸಬಹುದು. ಮೊದಲನೆಯದು ಕಾಲುವೆಯ ನೀರು. ತುಂಗಭದ್ರಾ ಜಲಾಶಯದ ನಿರ್ಮಾಣ 1953ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ತಾಲ್ಲೂಕಿನ ಜೋಳದ ಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಇದೇ ತಾಲ್ಲೂಕಿನಲ್ಲಿ ಸ್ಥಾಪನೆಯಾದವು. ಹೀಗೆ ಕೆಲವೇ ಮೈಲಿಗಳ ಅಂತರದಲ್ಲಿ ರೊಟ್ಟಿಯ ಒಲೆ, ಆಂಧ್ರದ ಅನ್ನದ ಒಲೆ, ಬಂಗಾಳದ ಮೀನು ಅನ್ನದ ಒಲೆ ಮೂರೂ ಉರಿಯತೊಡಗಿದವು. ಹಬ್ಬದ ಊಟವಾಗಿದ್ದ ಅನ್ನ ನೀರಾವರಿ ಹಳ್ಳಿಗಳಲ್ಲಿ ನಿತ್ಯದ ಊಟವಾಯಿತು. ಊರೂರಿಗೆ ಬಂದ ಹಿಟ್ಟಿನ ಗಿರಣಿಯು ಬೀಸುವ ಕಲ್ಲನ್ನು ಮೂಲೆಗೆ ಸರಿಸಿತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡು ಸಂಕಲನದಲ್ಲಿ ಹಿಡಿದಿಟ್ಟ ಹೆಂಗಸರ ಹಾಡುಗಳಂತಹವು ಬೀಸುವ ಕೆಲಸದೊಡನೆಯೇ ಬೆಳೆದಿದ್ದವು. ಕೆಲಸ ಹಗುರವಾಯಿತು, ಅದರೊಡನೆ ಹಾಡಿನ ಸಂದರ್ಭವೂ ಇಲ್ಲವಾಯಿತು.

ಎರಡನೆಯದು ಗಣಿಯ ಸಂಬಳ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಸ್ಥಾಪನೆಯಾದ ಸಂಸ್ಥೆಯು ರಾಜ್ಯ ಪುನರ್ವಿಂಗಡಣೆಯ ನಂತರ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿಯಾಗಿ ಇದೇ ಉಳಿಯಿತು. ಗಣಿಯ ವಸತಿ ಪ್ರದೇಶವು ಸುತ್ತಲಿನ ಹಳ್ಳಿಗಳಿಗೆ ಹೊಸ ಮಾದರಿಯ ಅಡುಗೆಮನೆಯನ್ನು ಪರಿಚಯಿಸಿತು: ನಲ್ಲಿಯ ನೀರು, ವಿದ್ಯುತ್ ದೀಪ, ನಿಂತು ಅಡುಗೆ ಮಾಡುವ ಕಟ್ಟೆ. ಪಾಳಿಯ ದುಡಿಮೆಯು ಅಡುಗೆಯ ಹೊತ್ತನ್ನೂ ಬದಲಿಸಿತು. ಸೂರ್ಯನನ್ನು ನೋಡಿ ಹೊತ್ತಿಸುತ್ತಿದ್ದ ಒಲೆಯು ಈಗ ಪಾಳಿಯ ವೇಳೆಗೆ ಹೊತ್ತಬೇಕಾಯಿತು. ತಿಂಗಳ ಸಂಬಳದೊಡನೆ ತಿಂಗಳ ಸಾಮಾನಿನ ಚೀಟಿಯೂ ಬಂದಿತು. ವರ್ಷದ ಕಾಳನ್ನು ತುಂಬುವ ಹಗೇವಿಗೆ ಅಲ್ಲಿ ಸ್ಥಳವಿರಲಿಲ್ಲ. ಕಾರ್ಮಿಕ ವಸತಿಗಳಲ್ಲಿ ಎಲ್ಲೆಡೆ ಕಾಣುವ ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು. ಮನೆ ಕಂಪನಿಯದು, ನಿವೃತ್ತಿಯ ದಿನ ಬಿಡಬೇಕಾದುದು. ಆದ್ದರಿಂದ ಗೋಡೆ ಒಡೆದು ಅಡುಗೆಮನೆಯನ್ನು ಹಿಗ್ಗಿಸುವಂತಿಲ್ಲ. ಹಿತ್ತಲಿಗೆ ತಗಡಿನ ಒಂದು ಚಪ್ಪರ ಇಳಿಸಿ ಅಲ್ಲಿ ರೊಟ್ಟಿಯ ಒಲೆ ಹೂಡುವುದು ಅತಿ ಕಡಿಮೆ ಖರ್ಚಿನ ವಿಸ್ತರಣೆ. ಒಳಗೆ ಕಟ್ಟೆಯ ಮೇಲೆ ಸ್ಟೌ, ಹೊರಗೆ ಮಣ್ಣಿನ ಒಲೆ ಎಂಬ ಎರಡು ಒಲೆಗಳ ಪದ್ಧತಿಗೆ ಇಂತಹ ವಸತಿಗಳು ಹೇಳಿ ಮಾಡಿಸಿದಂತಿದ್ದವು.

ಮೂರನೆಯದು ಸರ್ಕಾರದ ಅನುದಾನ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯ ಯಂತ್ರಗಳನ್ನು ತಲುಪಿತ್ತು. ಕರ್ನಾಟಕದ ಬಡವರ ಗುಡಿಸಲಿಗೆ ಭಾಗ್ಯಜ್ಯೋತಿಯ ಒಂದು ದೀಪ ಬಂದದ್ದು 1970ರ ದಶಕದ ಕೊನೆಯಲ್ಲಿ. ಇಂದಿರಾ ಆವಾಸ್ ಮತ್ತು ಆಶ್ರಯ ಯೋಜನೆಗಳ ಮನೆಗಳು ಮಣ್ಣಿನ ಮಾಳಿಗೆಯ ಬದಲು ಸಿಮೆಂಟಿನ ಅಥವಾ ತಗಡಿನ ಸೂರನ್ನು ತಂದವು. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯು ಮನೆಯ ಕನಿಷ್ಠ ವಿಸ್ತೀರ್ಣವನ್ನು 20 ಚದರ ಮೀಟರಿನಿಂದ 25 ಚದರ ಮೀಟರಿಗೆ ಏರಿಸಿ, ಅದರಲ್ಲಿ ಶುಚಿಯಾದ ಅಡುಗೆಯ ಜಾಗವಿರಬೇಕೆಂದು ವಿಧಿಸಿತು. ಬಯಲು ಪ್ರದೇಶದಲ್ಲಿ ಇದಕ್ಕೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ಇಷ್ಟರಲ್ಲಿ ಪಾಯದಿಂದ ಸೂರಿನವರೆಗೆ ಕಟ್ಟುವ ಕುಟುಂಬವು ಅಡುಗೆಮನೆಯನ್ನು ಕೊನೆಗೆ ಉಳಿಸಿಕೊಳ್ಳುವುದು ಸಹಜ. ಮೊದಲು ಒಂದು ಕಡಪಾ ಕಲ್ಲಿನ ಕಟ್ಟೆ, ಮುಂದಿನ ಸುಗ್ಗಿಗೆ ನೆಲಕ್ಕೆ ಶಹಾಬಾದ್ ಪರಸಿ, ಮಗಳ ಮದುವೆಗೆ ಮುನ್ನ ಗೋಡೆಗೆ ಬಣ್ಣ. ಹಳೆಯ ಮನೆಯ ಬಾಗಿಲು, ಜಂತಿ, ಪರಸಿಗಳನ್ನು ಹೊಸ ಕೋಣೆಗೆ ಹೊಂದಿಸಲಾಗುತ್ತದೆ. ಹಳೆಯ ಸೀರೆಗಳನ್ನು ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವುದೂ ಇದೇ ಲೆಕ್ಕಾಚಾರದ ಭಾಗ.

2016ರ ಉಜ್ವಲಾ ಯೋಜನೆಯಿಂದ ಅಡುಗೆ ಅನಿಲದ ಸಂಪರ್ಕ ಬಡ ಕುಟುಂಬಗಳಿಗೂ ದೊರೆಯಿತು. ಇದು ಹೆಂಗಸರ ಹೊತ್ತನ್ನೂ ಆರೋಗ್ಯವನ್ನೂ ಉಳಿಸಿದ ನಿಜವಾದ ಬದಲಾವಣೆ. ಆದರೆ ಸಂಪರ್ಕ ಒಮ್ಮೆ ಸಿಗುವುದು, ಸಿಲಿಂಡರ್ ಮತ್ತೆ ಮತ್ತೆ ಕೊಳ್ಳಬೇಕಾದುದು. ಆದ್ದರಿಂದ ಚಹಾ, ಪಲ್ಯ, ಅವಸರದ ಅಡುಗೆ ಅನಿಲದ ಮೇಲೆ. ರೊಟ್ಟಿ, ಸ್ನಾನದ ನೀರು ಕಟ್ಟಿಗೆಯ ಮೇಲೆ ಎಂಬ ಹಂಚಿಕೆ ಏರ್ಪಟ್ಟಿದೆ. ಎಷ್ಟು ಉರಿಸಬೇಕು, ಎಷ್ಟು ಉಳಿಸಬೇಕು ಎಂಬ ಅಳತೆ ಇಲ್ಲಿಯೂ ಮನೆಯಾಕೆಯದೇ. ಈ ಅರ್ಥದಲ್ಲಿ ಲಕ್ಕಮ್ಮನ ವಿವೇಚನೆ ಇನ್ನೂ ಜಾರಿಯಲ್ಲಿದೆ. ಆದರೆ ಅದರ ಬೆಲೆಯನ್ನು ಆಕೆ ತನ್ನ ಉಸಿರಿನಿಂದ ತೆರುತ್ತಿದ್ದಾಳೆ ಎಂಬುದನ್ನು ಮರೆಯುವಂತಿಲ್ಲ.

ಅಸ್ತವ್ಯಸ್ತತೆಯ ಓದು

2001 ಮತ್ತು 2011ರ ಜನಗಣತಿಯ ಮನೆಪಟ್ಟಿಯಲ್ಲಿ ಮನೆಗೆ ಪ್ರತ್ಯೇಕ ಅಡುಗೆಮನೆ ಇದೆಯೇ, ಅಡುಗೆಗೆ ಬಳಸುವ ಮುಖ್ಯ ಇಂಧನ ಯಾವುದು ಎಂಬ ಪ್ರಶ್ನೆಗಳಿದ್ದವು. ಅಡುಗೆಮನೆ ರಾಷ್ಟ್ರದ ಲೆಕ್ಕಕ್ಕೆ ಸೇರಿದುದು ದೊಡ್ಡ ಹೆಜ್ಜೆಯೇ ಸರಿ. ಆದರೆ ಪ್ರಶ್ನೆಯಲ್ಲಿರುವ ‘ಮುಖ್ಯ’ ಎಂಬ ಒಂದು ಪದವು ಎರಡು ಒಲೆಗಳ ಮನೆಯನ್ನು ಒಂದು ಒಲೆಯ ಮನೆಯನ್ನಾಗಿ ಮಾಡಿಬಿಡುತ್ತದೆ. ಅನಿಲವೆಂದು ಬರೆಸಿದ ಮನೆಯ ಹಿತ್ತಲಿನ ಹೊಗೆ ಲೆಕ್ಕದಿಂದ ಹೊರಗುಳಿಯುತ್ತದೆ. ಕಟ್ಟಿಗೆಯೆಂದು ಬರೆಸಿದ ಮನೆಯ ಸಿಲಿಂಡರ್ ಕೂಡ ಹಾಗೆಯೇ. ಗಣಿ ಕಂಪನಿಯ ಕಡತಗಳಲ್ಲಿ ಕಾಣದೆ ಹೋದ ಅಡುಗೆಮನೆಯು ಜನಗಣತಿಯ ಕೋಷ್ಟಕದಲ್ಲಿ ಅರ್ಧ ಮಾತ್ರ ಕಾಣಿಸುತ್ತದೆ.

ಈ ಕಾರಣದಿಂದ ಬಳಕೆಯಲ್ಲಿರುವ ಅಡುಗೆಮನೆಯ ಅಸ್ತವ್ಯಸ್ತತೆಯನ್ನು ಅಶುಚಿ ಅಥವಾ ಅಜ್ಞಾನವೆಂದು ನೋಡುವುದನ್ನು ಬಿಟ್ಟು ಅದನ್ನು ಒಂದು ಆಕರವಾಗಿ ಓದಬೇಕಾಗಿದೆ. ಕಡಪಾ ಕಟ್ಟೆಯ ಕೆಳಗೆ ತಳ್ಳಿದ ಬೀಸುವ ಕಲ್ಲು, ಸಿಲಿಂಡರಿನ ಪಕ್ಕದಲ್ಲಿ ಪೇರಿಸಿದ ತೊಗರಿ ಕಟ್ಟಿಗೆ, ಮಿಕ್ಸಿಯ ಮೇಲೆ ಹೊದಿಸಿದ ಹಳೆಯ ಸೀರೆಯ ತುಂಡು, ಒರಳಿನಲ್ಲಿ ಕೂಡಿಟ್ಟ ಈರುಳ್ಳಿ, ಖಾಲಿ ಎಣ್ಣೆ ಡಬ್ಬಿಯಲ್ಲಿ ಬೆಳೆದ ಕರಿಬೇವು ಇವು ಪ್ರತಿಯೊಂದೂ ಒಂದೊಂದು ಕಾಲದ ಪದರ. ಪಿಕ್ಲಿಹಾಳ, ಮಸ್ಕಿಗಳ ನೆಲದಲ್ಲಿ ಪುರಾತತ್ತ್ವಜ್ಞರು ಬೂದಿ, ಮಡಕೆಚೂರು, ಸವೆದ ಕಲ್ಲುಗಳಿಗೆ ಕೊಟ್ಟ ಎಚ್ಚರವನ್ನೇ ಇವುಗಳಿಗೂ ಕೊಟ್ಟರೆ ಕಳೆದ ನೂರು ವರ್ಷಗಳ ಮನೆವಾರ್ತೆಯ ಚರಿತ್ರೆ ದೊರೆಯುತ್ತದೆ.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಮಾಳಿಗೆ ಮನೆಗಳು ವರ್ಷದಿಂದ ವರ್ಷಕ್ಕೆ ಉರುಳಿ ಅವುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಏಳುತ್ತಿವೆ. ಹಗೇವುಗಳನ್ನು ಮುಚ್ಚಲಾಗಿದೆ. ಬೀಸುವ ಕಲ್ಲುಗಳು ಹಿತ್ತಲಿನ ಮೆಟ್ಟಿಲುಗಳಾಗಿವೆ. ಒಲೆ ಹೂಡುವ ಹದವನ್ನು ಬಲ್ಲ ಹಿರಿಯ ತಲೆಮಾರಿನ ಹೆಂಗಸರು ಕಡಿಮೆಯಾಗುತ್ತಿದ್ದಾರೆ. ವಸತಿ ಯೋಜನೆಯ ಫಲಾನುಭವಿಗಳ ಹಳೆಯ ಮನೆಯನ್ನು ಕೆಡಹುವ ಮುನ್ನ ಅಡುಗೆಮನೆಯ ಅಳತೆ, ಒಲೆಯ ಚಿತ್ರ, ವಸ್ತುಗಳ ಹೆಸರು ಮತ್ತು ಸ್ಥಾನ ಇಷ್ಟನ್ನು ಬರೆದಿಡುವುದು ಗ್ರಾಮ ಪಂಚಾಯತಿ ಅಥವಾ ಸ್ಥಳೀಯ ಕಾಲೇಜುಗಳಿಗೆ ಕಷ್ಟದ ಕೆಲಸವಲ್ಲ. ರೊಟ್ಟಿಗೆ ಹೊಂದುವ ಹೊಗೆರಹಿತ ಒಲೆಯನ್ನು ಇನ್ನೂ ರೂಪಿಸಬೇಕಾದ ತಂತ್ರಜ್ಞರಿಗೂ ಅಂತಹ ದಾಖಲೆ ನೆರವಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಹಟ್ಟಿ ಪರಿಸರದ ಅಡುಗೆಮನೆಯು ನವಶಿಲಾಯುಗದ ಸಗಣಿ ಬೆಂಕಿಯಿಂದ ಅಡುಗೆ ಅನಿಲದವರೆಗೆ ಹಲವು ಬದಲಾವಣೆಗಳನ್ನು ಕಂಡಿದೆ. ಪ್ರತಿ ಬದಲಾವಣೆಯಲ್ಲಿಯೂ ಏನನ್ನು ಕೊಳ್ಳಬೇಕು, ಏನನ್ನು ಉಳಿಸಬೇಕು, ಯಾವುದಕ್ಕೆ ಮಣ್ಣು ಮೆತ್ತಿದರೆ ಸಾಕು ಎಂಬುದನ್ನು ಒಲೆಯ ಮುಂದಿದ್ದವರೇ ತೀರ್ಮಾನಿಸಿದರು. ಅವರ ತೀರ್ಮಾನವನ್ನು ಗೌರವಿಸಿದ ಸುಧಾರಣೆಗಳು ಉಳಿದವು, ಗೌರವಿಸದವು ಮಸಿ ಕಟ್ಟಿದ ಕೊಳವೆಯಾಗಿ ಮೂಲೆ ಸೇರಿದವು. ಗಣಿಯ ಆಳದಿಂದ ಬಂದ ಚಿನ್ನದ ತೂಕವನ್ನು ಗುಲಗಂಜಿಯ ಲೆಕ್ಕದಲ್ಲಿ ಬಲ್ಲ ನಾಡು ಈ ತೀರ್ಮಾನಗಳ ಲೆಕ್ಕವನ್ನೂ ಇಡುವುದು ಅಗತ್ಯವಾಗಿದೆ.